ಕೋಡ್ ಬರೆಯಲಿಲ್ಲ, ತಲೆ ಮಾತ್ರ ಕೆಡಿಸಿಕೊಂಡೆವು: ಇಳಕಲ್ ಸೀರೆ ಅಂಗಡಿಗೊಂದು ವೆಬ್‌ಸೈಟ್

ನಮ್ಮ ಸೀರೆ ಅಂಗಡಿಯ ವೆಬ್‌ಸೈಟ್ ಕಡೆಗೂ ಶುರುವಾಗಿದೆ. ದುಡ್ಡು ಕಟ್ಟಿದವರಿಗೆ ಸೀರೆ ಹೋಗುತ್ತದೆ, ಬಿಲ್ಲೂ ಹೋಗುತ್ತದೆ. ಇಷ್ಟು ಹೇಳುವ ಹೊತ್ತಿಗೆ ದೀಪಾವಳಿ, ಸಂಕ್ರಾಂತಿ ಎರಡೂ ಮುಗಿದು ಯುಗಾದಿ ಬಾಗಿಲಿಗೆ ಬಂದಿತ್ತು. ಕೋಡ್ ಅಂತ ಒಂದು ಸಾಲೂ ಬರೆಯಲಿಲ್ಲ, ಆದರೆ ಬಾಕಿ ಕೆಲಸ ಬೇಕಾದಷ್ಟಿತ್ತು. ಯಾವ ವೆಬ್‌ಸೈಟ್ ಬಿಲ್ಡರ್ (ಕೋಡ್ ಬರೆಯದೆ ಸೈಟ್ ಕಟ್ಟಲು ಬಿಡುವ ಸೇವೆ) ತಗೊಳ್ಳಬೇಕು ಅಂತ ಹುಡುಕಿದಾಗ ನನಗೆ ಸಿಕ್ಕಿದ್ದೆಲ್ಲ ಇಂಗ್ಲಿಷಿನ ‘ಟಾಪ್ ಟೆನ್’ ಪಟ್ಟಿಗಳು. ಅವುಗಳಲ್ಲಿ ಯುಪಿಐ ಸುದ್ದಿಯಿಲ್ಲ, ಕನ್ನಡದ ಒತ್ತಕ್ಷರದ ಸುದ್ದಿಯಿಲ್ಲ, ಸಣ್ಣ ವ್ಯಾಪಾರಿಗಳ ಸರಳ ತೆರಿಗೆ ಪದ್ಧತಿಯಾದ ಜಿಎಸ್‌ಟಿ ಕಾಂಪೊಸಿಷನ್ ಸುದ್ದಿಯಂತೂ ಕೇಳಲೇ ಬೇಡಿ. ಆದ್ದರಿಂದ ನಮ್ಮಂಥ ಸಣ್ಣ ಅಂಗಡಿಯವರಿಗೆ ಉಪಯೋಗಕ್ಕೆ ಬರಲಿ ಎಂದು ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನಮ್ಮದು ಕೈಮಗ್ಗದ ಇಳಕಲ್ ಸೀರೆ, ಜೊತೆಗೆ ಗುಳೇದಗುಡ್ಡದ ಖಣ. ಗಲ್ಲೆ ಮೇಲೆ ಅಪ್ಪ ಕೂರುತ್ತಾರೆ, ಗಿರಾಕಿ ನೋಡುವವನು ಅಣ್ಣ, ವೈನಿಗೆ (ಅಣ್ಣನ ಹೆಂಡತಿಗೆ) ಬಣ್ಣ, ದಡಿ, ನೇಯ್ಗೆ ಎಲ್ಲದರಲ್ಲೂ ಪಕ್ಕಾ ಕಣ್ಣು. ನಾನು ಬಿ.ಕಾಂ. ಓದಿದವಳು, ಲೆಕ್ಕಪತ್ರ ನನ್ನದು. ಪುಣೆ, ಸೋಲಾಪುರದ ಗಿರಾಕಿಗಳು ಮೊದಲಿಂದಲೂ ಅಂಗಡಿಗೇ ಬಂದು ಸೀರೆ ಒಯ್ಯುತ್ತಿದ್ದರು. ಬೆಂಗಳೂರು, ದಾವಣಗೆರೆ ಕಡೆಯವರಿಗೆ ವಾಟ್ಸಾಪ್‌ನಲ್ಲಿ ಫೋಟೊ ಹಾಕಿ ಕಳಿಸುತ್ತಿದ್ದೆವು.

ತೊಂದರೆ ಶುರುವಾದದ್ದೂ ಆ ವಾಟ್ಸಾಪ್‌ನಿಂದಲೇ. ಕೈಮಗ್ಗದ ಸೀರೆ ಎಂದರೆ ಅದೇ ಬಣ್ಣ, ಅದೇ ದಡಿ, ಅದೇ ಸೆರಗಿನದು ಇನ್ನೊಂದು ಕಪಾಟಿನಲ್ಲಿ ಇರುವುದಿಲ್ಲ. ಸೀರೆಯ ಮೈಯ ಹಾಸುನೂಲಿಗೆ (ಉದ್ದದ ಎಳೆಗಳಿಗೆ) ಸೆರಗಿನ ಹಾಸುನೂಲನ್ನು ಒಂದೊಂದೇ ಎಳೆ ಹಿಡಿದು ಕೊಂಡಿ ಹಾಕಿ ಕೂಡಿಸಿ ನೇಯುವ ಸೀರೆ ಅದು. ಬೇಕೆಂದರೆ ಮಗ್ಗಕ್ಕೆ ಹೇಳಿ ಕಾಯಬೇಕು. ಸ್ಟೇಟಸ್‌ಗೆ ಹಾಕಿದ ಗಿರಿ ಕುಂಕುಮ ಬಣ್ಣದ ಗೋಮಿ ದಡಿ ಸೀರೆಗೆ ಒಂದೇ ಸಂಜೆ ಇಬ್ಬರು ದುಡ್ಡು ಹಾಕಿ ಕೂತರು. ಒಬ್ಬರಿಗೆ ವಾಪಸ್ ಕಳಿಸಿ, ಸಮಾಧಾನ ಮಾಡಿ ಸಾಕುಸಾಕಾಯಿತು. ಅದು ಮುಗಿಯುವಷ್ಟರಲ್ಲಿ ಮತ್ತೊಬ್ಬ ಗಿರಾಕಿ ‘ಪೇಮೆಂಟ್ ಸಕ್ಸಸ್’ ಎಂಬ ಸ್ಕ್ರೀನ್‌ಶಾಟ್ ಕಳಿಸಿದರು. ಖಾತೆಗೆ ದುಡ್ಡು ಮಾತ್ರ ಬಂದಿರಲಿಲ್ಲ. ಪುಣ್ಯಕ್ಕೆ ಪಾರ್ಸೆಲ್ ಇನ್ನೂ ಅಂಗಡಿಯಲ್ಲೇ ಇತ್ತು.

ವೆಬ್‌ಸೈಟ್ ಮಾಡಿಸೋಣ ಅಂತ ಮೊದಲು ಜಿಲ್ಲಾ ಕೇಂದ್ರದ ಒಬ್ಬ ಡಿಸೈನರ್ ಹತ್ತಿರ ಹೋದೆವು. ಮೂವತ್ತೈದು ಸಾವಿರ ಹೇಳಿದರು. ದುಬಾರಿ ಅನ್ನಿಸಲಿಲ್ಲ, ಆದರೆ ಡೊಮೈನ್ (ಸೈಟ್‌ನ ವಿಳಾಸ) ಯಾರ ಹೆಸರಿನಲ್ಲಿ ಇರುತ್ತದೆ ಎಂದು ಕೇಳಿದಾಗ, “ಅದೆಲ್ಲ ನಮ್ಮ ಅಕೌಂಟಿನಾಗ ಇರತದ್ರಿ, ನೀವು ತಲಿ ಕೆಡಿಸ್ಕೋಬ್ಯಾಡ್ರಿ” ಅಂದರು. ನಾನು ತಲೆ ಕೆಡಿಸಿಕೊಂಡದ್ದೇ ಅಲ್ಲಿಂದ. ಪರಿಚಯದ ಒಂದು ಅಂಗಡಿಯವರು ಹೀಗೇ ಮಾಡಿಸಿದ್ದರು. ಮಾಡಿಕೊಟ್ಟ ಹುಡುಗ ಊರು ಬಿಟ್ಟು ಹೋದ, ನವೀಕರಣದ ದಿನಾಂಕ ದಾಟಿತು, ಅಂಗಡಿಯ ಹೆಸರಿನ ವಿಳಾಸ ಬೇರೆ ಯಾರದೋ ಪಾಲಾಯಿತು. ಬಿಲ್ಡರ್ ಯಾವುದಾದರೂ ಆಗಲಿ, ಯಾರಾದರೂ ಮಾಡಿಕೊಡಲಿ, ಡೊಮೈನ್ ಮಾತ್ರ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್‌ನಲ್ಲಿ, ನಿಮ್ಮ ಮೊಬೈಲ್ ನಂಬರ್‌ನಲ್ಲಿ ಇರಲಿ. ಪುಕ್ಕಟೆ ವಿಳಾಸವನ್ನೂ ನೆಚ್ಚಿಕೊಳ್ಳಬೇಡಿ. ಗೂಗಲ್ ಬಿಸಿನೆಸ್ ಪ್ರೊಫೈಲ್ ಜೊತೆ ಪುಕ್ಕಟೆ ಸಿಗುತ್ತಿದ್ದ ಪುಟ್ಟ ವೆಬ್‌ಸೈಟ್ ಸೌಲಭ್ಯ 2024ರ ಮಾರ್ಚ್‌ನಲ್ಲಿ ನಿಂತೇ ಹೋಯಿತು. ಸ್ವಂತ ಡೊಮೈನ್ ಇದ್ದವರು ಅದನ್ನು ಇನ್ನೊಂದು ಕಡೆಗೆ ತಿರುಗಿಸಿಕೊಂಡರು.

ಸರಿ, ನಾವೇ ಮಾಡೋಣ ಅಂತ ಕೂತೆ.

ಮೊದಲು ತೆರೆದದ್ದು ವಿಕ್ಸ್ ಎಂಬ ಬಿಲ್ಡರ್. ನೋಡಲು ಬಹಳ ಚೆಂದ. ಬೇಕಾದ ಚಿತ್ರವನ್ನು ಬೇಕಾದ ಕಡೆ ಎಳೆದು ಇಡಬಹುದು, ಒಂದೇ ಸಂಜೆಯಲ್ಲಿ ಮುಖಪುಟ ಸಿದ್ಧವಾಯಿತು, ಮನೆಮಂದಿಯೆಲ್ಲ ಖುಷಿಪಟ್ಟರು. ಪುಕ್ಕಟೆ ಪ್ಲಾನ್‌ನಲ್ಲಿ ಸ್ವಂತ ಡೊಮೈನ್ ಹಾಕಲಾಗದು, ದುಡ್ಡು ಕಟ್ಟಿಸಿಕೊಳ್ಳಲಾಗದು ಎಂಬುದು ಗೊತ್ತಿತ್ತು. ಗೊತ್ತಿಲ್ಲದ್ದು ಇನ್ನೊಂದಿತ್ತು: ಒಂದು ಟೆಂಪ್ಲೇಟ್ (ಸಿದ್ಧ ವಿನ್ಯಾಸ) ಆರಿಸಿ ಸೈಟ್ ಕಟ್ಟಿದ ಮೇಲೆ ಅದೇ ಸೈಟ್‌ಗೆ ಬೇರೆ ಟೆಂಪ್ಲೇಟ್ ತೊಡಿಸಲು ಬರುವುದಿಲ್ಲ, ಹೊಸದಾಗಿ ಕಟ್ಟಬೇಕು. ಹತ್ತು ಸೀರೆ ಇಡುವವರಿಗೆ ಇದು ದೊಡ್ಡ ಮಾತಲ್ಲ, ಮುನ್ನೂರು ಸೀರೆ ಇಡುವವರಿಗೆ ದೊಡ್ಡ ಮಾತೇ. ಸ್ಕ್ವೇರ್‌ಸ್ಪೇಸ್ ಎಂಬ ಇನ್ನೊಂದು ಬಿಲ್ಡರ್‌ನ ವಿನ್ಯಾಸಗಳು ಇದಕ್ಕಿಂತಲೂ ಅಂದ. ಆದರೆ ಅಲ್ಲಿ ಕಾರ್ಡ್ ಪಾವತಿಗೆ ಮುಖ್ಯವಾಗಿ ನೆಚ್ಚುವ ಸ್ಟ್ರೈಪ್ ಎಂಬ ಕಂಪನಿ ಭಾರತದಲ್ಲಿ 2024ರಿಂದ ಆಹ್ವಾನ ಇದ್ದವರಿಗೆ ಮಾತ್ರ ಹೊಸ ಖಾತೆ ಕೊಡುತ್ತಿದೆ. ಅಲ್ಲಿಗೆ ಅದನ್ನು ಮುಚ್ಚಿದೆ.

ಶಾಪಿಫೈ ನನಗೆ ನಿಜಕ್ಕೂ ಇಷ್ಟವಾಯಿತು. ಅಂಗಡಿ ನಡೆಸುವವರ ತಲೆಯಿಂದ ಯೋಚಿಸಿ ಮಾಡಿದ ಸಾಮಾನು ಅದು. ಹೋಸ್ಟಿಂಗ್ (ಸೈಟ್ ಇಡುವ ಬಾಡಿಗೆ ಜಾಗ), ಭದ್ರತೆ, ಅಪ್‌ಡೇಟ್ ಯಾವುದರ ಗೊಡವೆಯೂ ನಮಗಿಲ್ಲ. ಮೊಬೈಲ್ ಆ್ಯಪ್ ಕೂಡ ಚೆನ್ನಾಗಿದೆ. ಲೆಕ್ಕಕ್ಕೆ ಕೂತಾಗ ಮಾತ್ರ ಪೆನ್ನು ನಿಂತಿತು. ಬೇಸಿಕ್ ಪ್ಲಾನ್ ತಿಂಗಳು ತಿಂಗಳು ಕಟ್ಟಿದರೆ ಎರಡು ಸಾವಿರದ ಆಸುಪಾಸು, ವರ್ಷದ್ದು ಒಮ್ಮೆಲೇ ಕಟ್ಟಿದರೆ ಕಡಿಮೆ. ಅವರ ಸ್ವಂತ ಪಾವತಿ ವ್ಯವಸ್ಥೆ ನಮ್ಮ ದೇಶದಲ್ಲಿ ಇಲ್ಲ, ಹಾಗಾಗಿ ಗಿರಾಕಿಯ ದುಡ್ಡು ಪಡೆದು ನಮ್ಮ ಖಾತೆಗೆ ಹಾಕುವ ಹೊರಗಿನ ಗೇಟ್‌ವೇ ಜೋಡಿಸಬೇಕು. ಜೋಡಿಸಿದರೆ ಪ್ರತಿ ಮಾರಾಟಕ್ಕೆ ಬೇಸಿಕ್ ಪ್ಲಾನ್‌ನವರು 2% ಶಾಪಿಫೈಗೆ ಕೊಡಬೇಕು. ಗೇಟ್‌ವೇಯವರ 2% ಬೇರೆ, ಆ ಶುಲ್ಕದ ಮೇಲೆ 18% ಜಿಎಸ್‌ಟಿ ಬೇರೆ. 3,000 ರೂಪಾಯಿ ಸೀರೆಗೆ ಗೇಟ್‌ವೇಗೆ 60, ಅದರ ಜಿಎಸ್‌ಟಿ 10.80, ಶಾಪಿಫೈಗೆ ಮತ್ತೆ 60. ತಿಂಗಳಿಗೆ ಇಂಥ 20 ಸೀರೆ ಹೋದರೆ 60,000 ರೂಪಾಯಿ ವ್ಯಾಪಾರದಲ್ಲಿ ಸುಮಾರು 4,600 ರೂಪಾಯಿ ಇದಕ್ಕೇ ಹೋಯಿತು. ಪವರ್‌ಲೂಮ್ ಸೀರೆಯ ಜೊತೆ ಬೆಲೆಯಲ್ಲಿ ಜಗ್ಗಾಡುವ ನಮಗೆ ಇದು ಸಣ್ಣದಲ್ಲ.

ಅಪ್ಪ ಲೆಕ್ಕ ನೋಡಿ ಒಂದೇ ಮಾತು ಕೇಳಿದರು: “ಅಂಗಡಿಗೂ ಬಾಡಿಗಿ, ಅದಕ್ಕೂ ಬಾಡಿಗಿ. ಮಾರಿದ್ದರಾಗ ಪಾಲೂ ಬೇಕೇನು ಅವರಿಗೆ?”

ವಿದೇಶಿ ಕಂಪನಿಯ ಚಂದಾ ಕಟ್ಟುವವರು ಇನ್ನೊಂದು ವಿಷಯ ನೋಡಿಕೊಳ್ಳಿ. 2021ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಕಾರ್ಡಿನಿಂದ ತಾನಾಗಿ ಕಡಿತವಾಗಬೇಕಾದರೆ ಮೊದಲು ಇ-ಮ್ಯಾಂಡೇಟ್ (ಕಡಿತಕ್ಕೆ ಮುಂಚಿತ ಒಪ್ಪಿಗೆ) ನೋಂದಣಿಯಾಗಬೇಕು. ಅಂಗಡಿಯ ಕರೆಂಟ್ ಖಾತೆ ಇರುವುದು ಸಹಕಾರಿ ಬ್ಯಾಂಕಿನಲ್ಲಿ. ಅಲ್ಲಿನ ಡೆಬಿಟ್ ಕಾರ್ಡ್ ಇದಕ್ಕೆಲ್ಲ ಒಗ್ಗಲಿಲ್ಲ. ಚಂದಾ ಕಟ್ಟದೆ ಸೈಟ್ ನಿಂತುಹೋದರೆ ಗಿರಾಕಿಗೆ ಕಾರಣ ಹೇಳುವವರು ಯಾರು?

ಜೊಹೊ ಕಾಮರ್ಸ್, ಡುಕಾನ್, ಇನ್‌ಸ್ಟಾಮೋಜೊ ಇವೆಲ್ಲ ನಮ್ಮ ದೇಶದವೇ, ರೂಪಾಯಿ, ಯುಪಿಐ, ಜಿಎಸ್‌ಟಿ ಬಿಲ್ಲು ಹೇಳಿಕೊಡಬೇಕಿಲ್ಲ. ಫೋನಿನಲ್ಲೇ ಅಂಗಡಿ ತೆರೆದುಬಿಡಬಹುದು. ಹಪ್ಪಳ, ಚಟ್ನಿಪುಡಿ, ಒಂದೇ ನಮೂನೆಯ ಮಾಲು ಮಾರುವವರು ಮೊದಲು ಇವುಗಳಲ್ಲೇ ಶುರು ಮಾಡಿ ಅನ್ನುತ್ತೇನೆ. ನನಗೆ ಬೇಕಾಗಿದ್ದದ್ದು ಮಾತ್ರ ಬೇರೆ. ಆ ಹೊತ್ತಿಗೆ ನನ್ನ ಪ್ರಶ್ನೆಗಳೇ ಬದಲಾಗಿದ್ದವು. ಮುಖಪುಟ ಹೇಗೆ ಕಾಣುತ್ತದೆ ಎಂಬುದನ್ನು ಬಿಟ್ಟು ಮೂರು ಸಂಗತಿ ಹಿಡಿದು ಕೂತೆ. ಗಿರಾಕಿ ಎದುರಿಗೆ ಕೂತಿರುವಾಗ ಅಣ್ಣ ಒಂದು ಕೈಯಲ್ಲಿ ಸೀರೆ ಮಡಚುತ್ತ ಇನ್ನೊಂದು ಕೈಯಲ್ಲಿ ಫೋನಿನಿಂದ ಆ ಸೀರೆಯನ್ನು ಸೈಟ್‌ನಿಂದ ತೆಗೆಯಲು ಆಗಬೇಕು. ಇಬ್ಬರು ಒಂದೇ ಸೀರೆಗೆ ಒಟ್ಟಿಗೆ ಕೈ ಹಾಕಿದರೆ ಒಬ್ಬರನ್ನು ತಡೆಯಬೇಕು. ನಾಳೆ ಬಿಟ್ಟು ಹೋಗುವುದಾದರೆ ಸೀರೆಗಳ ವಿವರ, ಗಿರಾಕಿಗಳ ಪಟ್ಟಿ ಎಲ್ಲ ನಮ್ಮ ಕೈಗೆ ಬರಬೇಕು.

ಈ ಮೂರಕ್ಕೂ ಸರಿಹೊಂದಿದ್ದು ಸೈಟ್ ಕಟ್ಟುವ ವರ್ಡ್‌ಪ್ರೆಸ್, ಅದರ ಮೇಲೆ ಅಂಗಡಿ ಕೂರಿಸುವ ವೂಕಾಮರ್ಸ್. ಇಲ್ಲಿ ಎರಡು ವರ್ಡ್‌ಪ್ರೆಸ್ ಇವೆ, ಹೊಸಬರು ದಾರಿ ತಪ್ಪುವುದು ಇಲ್ಲೇ. ವರ್ಡ್‌ಪ್ರೆಸ್ ಡಾಟ್ ಕಾಮ್ ಒಂದು ಕಂಪನಿಯ ಸೇವೆ, ಅದಕ್ಕೆ ಚಂದಾ ಇದೆ. ವರ್ಡ್‌ಪ್ರೆಸ್ ಡಾಟ್ ಆರ್ಗ್‌ನಲ್ಲಿ ಸಿಗುವುದು 2003ರಿಂದ ಇರುವ ಉಚಿತ, ಮುಕ್ತ ತಂತ್ರಾಂಶ, ಅದನ್ನು ನಮ್ಮದೇ ಹೋಸ್ಟಿಂಗ್‌ನಲ್ಲಿ ಹಾಕಿಕೊಳ್ಳಬೇಕು. ನಾವು ಹಿಡಿದದ್ದು ಎರಡನೆಯದು. ವೂಕಾಮರ್ಸ್ ಪುಕ್ಕಟೆ ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಜೋಡಿಸುವ ಹೆಚ್ಚುವರಿ ತುಣುಕು), ಮಾರಾಟದಲ್ಲಿ ಪಾಲು ಕೇಳುವುದಿಲ್ಲ. ಅದರ ಸೆಟಿಂಗ್ಸ್‌ನಲ್ಲಿ ‘ಹೋಲ್ಡ್ ಸ್ಟಾಕ್’ ಎಂದು ಒಂದಿದೆ. ಆರ್ಡರ್ ಮಾಡಿ ದುಡ್ಡು ಕಟ್ಟದೆ ಇರುವವರಿಗಾಗಿ ಮಾಲನ್ನು ಎಷ್ಟು ನಿಮಿಷ ಹಿಡಿದಿಡಬೇಕು ಎಂದು ಅಲ್ಲಿ ಹೇಳಬಹುದು. ತಾನಾಗಿ 60 ಇರುತ್ತದೆ, ನಾವು 20ಕ್ಕೆ ಇಳಿಸಿದೆವು. ಅಷ್ಟರೊಳಗೆ ಪಾವತಿಯಾಗದಿದ್ದರೆ ಆರ್ಡರ್ ರದ್ದಾಗಿ ಸೀರೆ ಮತ್ತೆ ಎಲ್ಲರಿಗೂ ಕಾಣುತ್ತದೆ. ಆ ಒಂದು ಖಾನೆ ನೋಡಿದ ದಿನ ನನ್ನ ಮನಸ್ಸು ನಿಂತಿತು.

ಇದು ಎಲ್ಲರಿಗೂ ಹೊಂದುತ್ತದೆ ಅಂತ ಹೇಳಲಾರೆ. ವರ್ಡ್‌ಪ್ರೆಸ್‌ಗೆ ಕೋಡ್ ಬೇಡ ನಿಜ, ಆದರೆ ದೇಖರೇಖಿ ಬೇಕು. ಪ್ಲಗಿನ್ ಅಪ್‌ಡೇಟ್, ಬ್ಯಾಕಪ್, ಪಾಸ್‌ವರ್ಡ್ ಯಾರಾದರೂ ಒಬ್ಬರು ವಾರಕ್ಕೊಮ್ಮೆ ಕೂತು ನೋಡಬೇಕು. ಮನೆಯಲ್ಲಿ ಅಂಥವರು ಯಾರೂ ಇಲ್ಲವೆಂದರೆ ಬಾಡಿಗೆ ಹೆಚ್ಚಾದರೂ ಶಾಪಿಫೈಯೇ ವಾಸಿ.

ಡೊಮೈನ್ ಕೊಂಡದ್ದು ಸುಲಭದ ಕೆಲಸ. ಡಾಟ್ ಇನ್ ವಿಳಾಸ, ವರ್ಷಕ್ಕೆ ಸಾವಿರದೊಳಗೆ. ಡಾಟ್ ಕಾಮ್ ತಗೊಳ್ಳುವವರು ಬರುವ ದೃಢೀಕರಣದ ಇಮೇಲ್‌ನ ಕೊಂಡಿಯನ್ನು 15 ದಿನದೊಳಗೆ ಒತ್ತಲೇಬೇಕು, ಇಲ್ಲದಿದ್ದರೆ ವಿಳಾಸ ಅಮಾನತಾಗುತ್ತದೆ. ಅದು ಸ್ಪ್ಯಾಮ್‌ಗೆ ಹೋಗಿ ಬಿದ್ದಿರುವುದೂ ಉಂಟು. ಕನ್ನಡದಲ್ಲೇ ‘ಡಾಟ್ ಭಾರತ’ ವಿಳಾಸ ತಗೊಳ್ಳುವ ಆಸೆ ನನಗಿತ್ತು, ಸಿಗುತ್ತದೆ ಕೂಡ. ಆದರೆ ಕೆಲವು ಕಡೆ ಅಂಟಿಸಿದಾಗ ಅದು ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತದೆ, ಮೋಸದ ಲಿಂಕ್ ಅಂತ ಗಿರಾಕಿ ಹೆದರಿಕೊಂಡಾರು ಎಂದು ಕೈಬಿಟ್ಟೆವು.

ಹೋಸ್ಟಿಂಗ್ ಕೊಳ್ಳುವಾಗ ಕಣ್ಣು ತೆರೆದಿರಲಿ. ತಿಂಗಳಿಗೆ ಇಷ್ಟೇ ಅಂತ ದೊಡ್ಡದಾಗಿ ಬರೆದ ಬೆಲೆ ಮೂರೋ ನಾಲ್ಕೋ ವರ್ಷದ್ದನ್ನು ಒಮ್ಮೆಲೇ ಕಟ್ಟಿದವರಿಗೆ ಮಾತ್ರ. ನವೀಕರಣದ ಬೆಲೆ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ, ಎರಡರಷ್ಟೋ ಮೂರರಷ್ಟೋ. ನಾನು ಒಂದು ವರ್ಷಕ್ಕಷ್ಟೇ ಕಟ್ಟಿದೆ. ಸೈಟ್‌ನ ಸಂಪರ್ಕ ಸುರಕ್ಷಿತವಾಗಿಡುವ ಎಸ್‌ಎಸ್‌ಎಲ್ ಅಂತ ಪ್ರತ್ಯೇಕ ದುಡ್ಡು ಕೇಳಿದರೆ ಕೊಡಬೇಡಿ, ಲೆಟ್ಸ್ ಎನ್‌ಕ್ರಿಪ್ಟ್‌ನ ಪುಕ್ಕಟೆ ಪ್ರಮಾಣಪತ್ರ ನಮ್ಮಂಥವರಿಗೆ ಸಾಕು. ಡೊಮೈನ್ ಹೋಸ್ಟಿಂಗ್‌ಗೆ ಜೋಡಿಸಿದ ಮೇಲೆ ಒಂದು ಹಗಲು ಸೈಟ್ ನನ್ನ ಫೋನಿನಲ್ಲಿ ಕಾಣುತ್ತಿತ್ತು, ಅಣ್ಣನ ಫೋನಿನಲ್ಲಿ ಕಾಣುತ್ತಿರಲಿಲ್ಲ. ಹೊಸ ದಾರಿ ಎಲ್ಲ ಕಡೆ ಹಬ್ಬಲು ಒಂದೆರಡು ದಿನ ಹಿಡಿಯುತ್ತದೆ, ಗಾಬರಿ ಬೇಡ.

ಕನ್ನಡ ಹಾಕಲು ಹೊರಟಾಗ ಹೊಸ ಕಾಟ. ಸೀರೆಯ ಜೊತೆ ಇಡುವ ಚೀಟಿಯ ಬರಹ ಪ್ರೆಸ್‌ನವರ ಹತ್ತಿರ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿತ್ತು. ಅದನ್ನು ಸೈಟ್‌ನಲ್ಲಿ ಅಂಟಿಸಿದರೆ ವಿಚಿತ್ರ ಚಿಹ್ನೆಗಳ ಸಂತೆ. ಎಲ್ಲ ಕಡೆ ಒಂದೇ ಥರ ಕಾಣುವ ಯೂನಿಕೋಡ್‌ಗೆ ಪರಿವರ್ತಕದಲ್ಲಿ ಬದಲಿಸಿ, ಅರ್ಕಾವತ್ತು ಇರುವ ಪದಗಳನ್ನು ಕೈಯಿಂದ ತಿದ್ದಿದೆ. ಆಮೇಲೆ ಥೀಮ್‌ನ (ಸೈಟ್‌ನ ಸಿದ್ಧ ರೂಪದ) ಆಟ. ಇಂಗ್ಲಿಷ್ ಶೀರ್ಷಿಕೆಗೆಂದು ಅಕ್ಷರಗಳ ನಡುವೆ ಅಂತರ ಬಿಟ್ಟಿದ್ದರು, ಕನ್ನಡದಲ್ಲಿ ಪದಗಳು ಬಿಡಿಬಿಡಿಯಾಗಿ ಚೆಲ್ಲಿದವು. ಸಾಲಿನ ಎತ್ತರ ಕಡಿಮೆ ಇದ್ದದ್ದಕ್ಕೆ ಕೆಳಗಿನ ಒತ್ತು ಕತ್ತರಿಸಿಹೋಗಿ ಗುಂಡಿಯ ಮೇಲೆ ‘ಹತ್ತಿ’ ಹೋಗಿ ‘ಹತಿ’ ಆಗಿತ್ತು. ವೈನಿ ಅದನ್ನು ತೋರಿಸಿ ನಕ್ಕಿದ್ದು ಇನ್ನೂ ನಿಂತಿಲ್ಲ. ಅಕ್ಷರ ಅಂತರವನ್ನು ಸೊನ್ನೆ ಮಾಡಿ, ಸಾಲಿನ ಎತ್ತರವನ್ನು 1.6ಕ್ಕೆ ಏರಿಸಿದ ಮೇಲೆ ಸರಿಹೋಯಿತು, ಎರಡಕ್ಕೂ ಸೆಟಿಂಗ್ಸ್‌ನಲ್ಲೇ ಖಾನೆಗಳಿವೆ. ಫಾಂಟಿಗೆ ಗೂಗಲ್ ಫಾಂಟ್ಸ್‌ನಲ್ಲಿ ಅನೇಕ್ ಕನ್ನಡ, ಬಲೂ ತಮ್ಮ, ನೋಟೋ ಸಾನ್ಸ್ ಕನ್ನಡ ಇವೆ. ನಾವು ಶೀರ್ಷಿಕೆಗೆ ಅನೇಕ್, ಓದುವ ಭಾಗಕ್ಕೆ ನೋಟೋ ಇಟ್ಟೆವು. ಪುಟದ ವಿಳಾಸವನ್ನು ಮಾತ್ರ ಇಂಗ್ಲಿಷಿನಲ್ಲಿ ಬರೆಯಿರಿ. ಕನ್ನಡ ಶೀರ್ಷಿಕೆಯಿಂದ ತಾನಾಗಿ ಹುಟ್ಟುವ ವಿಳಾಸ ಶೇಕಡಾ ಚಿಹ್ನೆಗಳ ಬಾಲ ಕಟ್ಟಿಕೊಂಡು ಬರುತ್ತದೆ, ವಾಟ್ಸಾಪ್‌ನಲ್ಲಿ ಹಂಚಿದರೆ ಅರ್ಧ ಪರದೆ ಅದೇ ತುಂಬುತ್ತದೆ. ಬಿಲ್ಡರ್ ಯಾವುದೇ ಇರಲಿ, ದುಡ್ಡು ಕಟ್ಟುವ ಮುಂಚೆ ಒತ್ತಕ್ಷರ ತುಂಬಿದ ನಾಲ್ಕು ಸಾಲು ಕನ್ನಡ ಹಾಕಿ ಫೋನಿನಲ್ಲಿ ನೋಡಿ.

ಎಲ್ಲಕ್ಕಿಂತ ಹೆಚ್ಚು ಹೊತ್ತು ತಿಂದದ್ದು ಫೋಟೊ. ಅಂಗಡಿಯ ಎಲ್‌ಇಡಿ ಬೆಳಕಿನಲ್ಲಿ ತೆಗೆದ ಗಿರಿ ಕುಂಕುಮ ಒಂದರಲ್ಲಿ ಟೊಮೆಟೊ ಬಣ್ಣ, ಇನ್ನೊಂದರಲ್ಲಿ ಇಟ್ಟಿಗೆ ಬಣ್ಣ. “ಇದು ನಮ್ಮ ಸೀರಿ ಅಲ್ಲವಾ, ಯಾರದೋ ಐತಿ” ಅಂತ ವೈನಿ ಒಂದೊಂದನ್ನೂ ತಳ್ಳಿಹಾಕಿದರು. ಕಡೆಗೆ ಹಿತ್ತಲ ಪಡಸಾಲೆಯಲ್ಲಿ, ಬಿಸಿಲು ನೇರ ಬೀಳದ ಕಡೆ, ಬೆಳಗ್ಗೆ ಒಂಬತ್ತರಿಂದ ಹನ್ನೊಂದರ ನಡುವೆ ತೆಗೆಯುವುದೆಂದು ಗೊತ್ತುಮಾಡಿದೆವು. ಸೀರೆಯ ಪಕ್ಕ ಒಂದು ಬಿಳಿ ಹಾಳೆ ಇಟ್ಟು ತೆಗೆಯುವುದು, ಹಾಳೆ ಬೆಳ್ಳಗೆ ಕಾಣುವ ತನಕ ಫೋನಿನಲ್ಲೇ ಬಣ್ಣ ಸರಿಮಾಡುವುದು, ಆಮೇಲೆ ಹಾಳೆಯನ್ನು ಕತ್ತರಿಸಿ ತೆಗೆಯುವುದು. ಪ್ರತಿ ಸೀರೆಗೆ ನಾಲ್ಕು ಚಿತ್ರ: ಪೂರ್ತಿ ಮಡಿಕೆ, ಸೆರಗು, ದಡಿ ಹತ್ತಿರದಿಂದ, ಮತ್ತು ಸೆರಗಿನ ಕೊಂಡಿ ಕೂಡುವ ಜಾಗ. ಕೊಂಡಿಯ ಚಿತ್ರ ವೈನಿಯ ಹಟ. ಬಲ್ಲ ಗಿರಾಕಿಗಳು ಮೊದಲು ದೊಡ್ಡದು ಮಾಡಿ ನೋಡುವುದು ಅದನ್ನೇ ಎಂದು ಈಗ ಗೊತ್ತಾಗಿದೆ. ಕೈಮಗ್ಗದ್ದೋ ಪವರ್‌ಲೂಮಿನದೋ ಎಂಬುದನ್ನು ಮೊದಲ ಸಾಲಿನಲ್ಲೇ ಬರೆದೆವು. ಫೋನಿನ ಚಿತ್ರ ಒಂದೊಂದು ನಾಲ್ಕೈದು ಎಂಬಿ ಇರುತ್ತದೆ, ಹಾಗೇ ಹಾಕಿದರೆ ಹಳ್ಳಿಯ ನೆಟ್‌ವರ್ಕಿನಲ್ಲಿ ಪುಟ ತೆರೆಯುವುದೇ ಇಲ್ಲ. ಅಗಲವನ್ನು 1,600 ಪಿಕ್ಸೆಲ್‌ಗೆ ಇಳಿಸಿ ಹಾಕಿ.

ಖಣದ್ದು ಇನ್ನೊಂದು ಫಜೀತಿ. ಅಂಗಡಿಯಲ್ಲಿ ಒಂದೂವರೆ ಮೀಟರ್ ಕೇಳಿದರೆ ಕತ್ತರಿಸಿ ಕೊಡುತ್ತೇವೆ. ವೂಕಾಮರ್ಸ್‌ಗೆ ಒಂದು, ಎರಡು, ಮೂರು ಗೊತ್ತು, ಒಂದೂವರೆ ಗೊತ್ತಿಲ್ಲ. ಅದಕ್ಕೆ ಬೇರೆ ಪ್ಲಗಿನ್ ಇವೆ, ಆದರೆ ಪ್ಲಗಿನ್ ಹೆಚ್ಚಿದಷ್ಟೂ ತಲೆನೋವು ಹೆಚ್ಚು. ಅರ್ಧ ಮೀಟರನ್ನೇ ಒಂದು ಎಂದು ಇಟ್ಟು, ಮೂರು ತಗೊಂಡರೆ ಒಂದೂವರೆ ಮೀಟರ್ ಇಡೀ ತುಂಡಾಗಿ ಬರುತ್ತದೆ ಅಂತ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದೆವು.

ಇಷ್ಟೆಲ್ಲ ಆದ ಮೇಲೆ ಆಡಿಟರ್ ಹತ್ತಿರ ಹೋದೆ, ಬಿಲ್ಲಿನ ನಮೂನೆ ಕೇಳಲು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ನಿಮ್ಮಪ್ಪಾರದು ಕಾಂಪೊಸಿಷನ್ ಅಲ್ಲೇನವಾ?” ಅಂದರು. ಹೌದು. ಕಾಂಪೊಸಿಷನ್‌ನಲ್ಲಿ ಇರುವವರು ಹೊರ ರಾಜ್ಯಕ್ಕೆ ಮಾಲು ಮಾರುವ ಹಾಗಿಲ್ಲ. ವೆಬ್‌ಸೈಟ್ ಮಾಡುತ್ತಿದ್ದದ್ದೇ ಪುಣೆ, ಸೋಲಾಪುರಕ್ಕೆ ಕಳಿಸೋಣ ಅಂತ! ಆ ದಿನ ಮನೆಗೆ ಬಂದವಳು ಊಟಕ್ಕೂ ಏಳಲಿಲ್ಲ. ಕಡೆಗೆ ಕಾಂಪೊಸಿಷನ್ ಬಿಟ್ಟು ರೆಗ್ಯುಲರ್‌ಗೆ (ಸಾಮಾನ್ಯ ಜಿಎಸ್‌ಟಿಗೆ) ಬಂದೆವು. ಅದಕ್ಕೆ ಪೋರ್ಟಲ್‌ನಲ್ಲಿ ಸಿಎಂಪಿ-04 ಅರ್ಜಿ. ಕೈಯಲ್ಲಿರುವ ದಾಸ್ತಾನನ್ನು ಕೊಂಡಾಗ ಕಟ್ಟಿದ ತೆರಿಗೆಯ ಜಮೆ ಪಡೆಯಲು ಐಟಿಸಿ-01 ಬೇರೆ, ಅದಕ್ಕೆ ಗಡುವಿದೆ, ಆಡಿಟರ್‌ಗೆ ಮೊದಲೇ ಹೇಳಿಡಿ. ಸೀರೆಗೆ 5% ಜಿಎಸ್‌ಟಿ ಹಾಕಬೇಕಾಗಿ ಬಂತು, ಲೆಕ್ಕದ ಕೆಲಸವೂ ಹೆಚ್ಚಾಯಿತು. ಗೇಟ್‌ವೇ ಶುಲ್ಕದ ಮೇಲಿನ 18% ಜಿಎಸ್‌ಟಿಯೂ ಹೀಗೇ ಜಮೆ ಸಿಗುತ್ತದೆ ಎಂಬುದೊಂದೇ ಸಮಾಧಾನ. ಜಿಎಸ್‌ಟಿ ನಂಬರೇ ಇಲ್ಲದವರೂ ಬಿಲ್ಡರ್ ಹುಡುಕುವ ಮೊದಲೇ ಆಡಿಟರ್ ಕಾಣಿರಿ. ಹೊರ ರಾಜ್ಯಕ್ಕೆ ಸರಕು ಮಾರುವವರಿಗೆ ವಹಿವಾಟು ಎಷ್ಟೇ ಕಡಿಮೆಯಿದ್ದರೂ ಸಾಮಾನ್ಯವಾಗಿ ನೋಂದಣಿ ಬೇಕೇ ಬೇಕು. ಕರಕುಶಲ ವಸ್ತುಗಳಿಗೆ ಕೆಲವು ವಿನಾಯಿತಿಗಳಿವೆ, ನಿಮಗೆ ಅನ್ವಯಿಸುತ್ತದೋ ಅವರೇ ಹೇಳಬೇಕು.

ಆಮೇಲಿನದು ಪೇಮೆಂಟ್ ಗೇಟ್‌ವೇ. ಅಣ್ಣನ ತಕರಾರು ಮೊದಲಿಂದಲೂ ಒಂದೇ: “ಕ್ಯೂಆರ್ ಹಚ್ಚಿದ್ರ ಪುಕ್ಕಟ ಬರತೈತಿ, ಇದಕ್ಯಾಕ ಎರಡ ಪರ್ಸೆಂಟ್?” ಯಾರ ದುಡ್ಡು ಯಾವ ಸೀರೆಗೆ ಬಂತೆಂದು ರಾತ್ರಿ ಕೂತು ಸ್ಕ್ರೀನ್‌ಶಾಟ್ ತಾಳೆ ಹಾಕುವುದು ತಪ್ಪುತ್ತದೆ, ಅದರ ಬೆಲೆ ಅದು ಅಂದೆ. ಒಪ್ಪಿದ, ಮನಸ್ಸಿಲ್ಲದೆ.

ಪ್ಯಾನ್, ಆಧಾರ್, ಜಿಎಸ್‌ಟಿ ಪ್ರಮಾಣಪತ್ರ, ರದ್ದು ಮಾಡಿದ ಚೆಕ್ಕು, ಉದ್ಯಮ್ (ಸಣ್ಣ ಉದ್ದಿಮೆ ನೋಂದಣಿ) ಪ್ರಮಾಣಪತ್ರ ಎಲ್ಲ ಅಪ್‌ಲೋಡ್ ಮಾಡಿದೆ. ಉದ್ಯಮ್ ನೋಂದಣಿ ಸರ್ಕಾರದ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ, ಅದಕ್ಕೆ ದುಡ್ಡು ಕೇಳುವ ಸೈಟ್‌ಗಳು ಹುಡುಕಾಟದಲ್ಲಿ ಮೇಲೆ ಬರುತ್ತವೆ, ಎಚ್ಚರ. ಮೊದಲ ಉತ್ತರ: ಹೆಸರು ಹೊಂದುತ್ತಿಲ್ಲ. ಪ್ಯಾನ್‌ನಲ್ಲಿ ಅಪ್ಪನ ಹೆಸರು ಅಜ್ಜನ ಹೆಸರು ಅಡ್ಡಹೆಸರು ಸಮೇತ ಪೂರ್ತಿ ಇದೆ, ಬ್ಯಾಂಕಿನಲ್ಲಿ ಬರೀ ಇನಿಷಿಯಲ್. ಬ್ಯಾಂಕಿಗೆ ಅರ್ಜಿ ಕೊಟ್ಟು ಸರಿಮಾಡಿಸಿದೆವು. ಮುಂದಿನ ಉತ್ತರ: ವಿಳಾಸ ಹೊಂದುತ್ತಿಲ್ಲ. ಜಿಎಸ್‌ಟಿಯಲ್ಲಿ ಹುನಗುಂದ ತಾಲ್ಲೂಕು, ಹೊಸ ಕರೆಂಟ್ ಬಿಲ್ಲಿನಲ್ಲಿ ಇಳಕಲ್ ತಾಲ್ಲೂಕು. ಇಳಕಲ್ ಬೇರೆ ತಾಲ್ಲೂಕಾಗಿದೆ ಎಂಬುದನ್ನು ಗುರುಗ್ರಾಮದಲ್ಲೋ ಎಲ್ಲೋ ಕೂತವರಿಗೆ ಇಂಗ್ಲಿಷಿನಲ್ಲಿ ತಿಳಿಸಿ ಹೇಳುವುದು ಎಂಥ ಕೆಲಸ! ಜಿಎಸ್‌ಟಿಯಲ್ಲೇ ವಿಳಾಸ ತಿದ್ದುಪಡಿ ಮಾಡಿಸಿದ ಮೇಲೆ ಆ ಬಾಗಿಲು ತೆರೆಯಿತು. ಆಮೇಲೆ ಸೈಟ್ ತಪಾಸಣೆ. ಖಾಸಗಿತನ ನೀತಿ, ನಿಯಮಗಳು, ವಾಪಸಾತಿ ಮತ್ತು ರದ್ದತಿ, ಸಾಗಣೆ, ಸಂಪರ್ಕ ಇಷ್ಟೂ ಪುಟಗಳು ಇರಲೇಬೇಕು, ಇಲ್ಲದಿದ್ದರೆ ಲೈವ್ ಆಗುವುದಿಲ್ಲ. ಇವನ್ನು ಮೊದಲೇ ಬರೆದಿಟ್ಟರೆ ಒಂದು ಸುತ್ತು ಉಳಿಯುತ್ತದೆ. 2020ರ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮಗಳ ಪ್ರಕಾರ ದೂರು ಕೇಳುವ ಅಧಿಕಾರಿಯ ಹೆಸರು, ಸಂಪರ್ಕ ಕೊಡಬೇಕು, ದೂರು ಬಂದದ್ದನ್ನು 48 ಗಂಟೆಯೊಳಗೆ ಒಪ್ಪಿಕೊಳ್ಳಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ನಮ್ಮ ಅಂಗಡಿಯ ಆ ಅಧಿಕಾರಿ ನಾನೇ. ವಾಪಸಾತಿ ಪುಟದಲ್ಲಿ ‘ಫಾಲ್ ಹಚ್ಚಿದ ಸೀರೆ ವಾಪಸ್ ಇಲ್ಲ’ ಎಂಬ ಸಾಲು ಅಪ್ಪ ಹೇಳಿ ಬರೆಸಿದ್ದು.

ಪರೀಕ್ಷೆಗೆಂದು ಬೆಂಗಳೂರಿನ ಚಿಕ್ಕಮ್ಮನಿಂದ ಒಂದು ಖಣ ಕೊಳ್ಳಿಸಿದೆವು. ದುಡ್ಡು ಬಂತು, ಆರ್ಡರ್ ಇಮೇಲ್ ಮಾತ್ರ ನಮಗೂ ಇಲ್ಲ, ಅವರಿಗೂ ಇಲ್ಲ. ಹೋಸ್ಟಿಂಗ್‌ನಿಂದ ವರ್ಡ್‌ಪ್ರೆಸ್ ತಾನೇ ಕಳಿಸುವ ಅಂಚೆಯನ್ನು ಜಿಮೇಲ್ ಬಹಳ ಸಲ ನಂಬುವುದಿಲ್ಲ. ಇಮೇಲ್ ಖಾತೆಯ ಮೂಲಕವೇ ಅಂಚೆ ಕಳಿಸುವ ಎಸ್‌ಎಂಟಿಪಿ ಪ್ಲಗಿನ್ ಹಾಕಿ, ಅಂಚೆ ನಮ್ಮದೇ ಎಂದು ತೋರಿಸುವ ಎಸ್‌ಪಿಎಫ್, ಡಿಕಿಮ್ ಎಂಬ ಎರಡು ದಾಖಲೆ ಡೊಮೈನ್‌ನಲ್ಲಿ ಸೇರಿಸಿದ ಮೇಲೆ ಹೋಗತೊಡಗಿತು. ಅಂಗಡಿ ತೆರೆಯುವ ಮುಂಚೆ ಮನೆಯವರಲ್ಲದ ಯಾರಿಂದಲಾದರೂ ನಿಜವಾದ ದುಡ್ಡು ಕೊಡಿಸಿ ಒಮ್ಮೆ ಕೊಳ್ಳಿಸಿ ನೋಡಿ. ಒಂದು ಪ್ಲಗಿನ್ ಅಪ್‌ಡೇಟ್ ಆದ ರಾತ್ರಿ ದುಡ್ಡು ಕಟ್ಟುವ ಪುಟವೇ ಬಿಳಿಯಾಗಿತ್ತು, ಹಿಂದಿನ ದಿನದ ಬ್ಯಾಕಪ್ ಹಾಕಿ ಎದ್ದೆವು. ಈಗ ಭಾನುವಾರ ಮಧ್ಯಾಹ್ನ ಮಾತ್ರ ಅಪ್‌ಡೇಟ್, ಅದಕ್ಕೂ ಮೊದಲು ಬ್ಯಾಕಪ್.

ಸಾಗಣೆಗೆ ಸದ್ಯ ಸ್ಪೀಡ್ ಪೋಸ್ಟ್, ಕ್ಯಾಶ್ ಆನ್ ಡೆಲಿವರಿ ಇಲ್ಲ. ಖಾಸಗಿ ಕೊರಿಯರ್‌ನವರು ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸಿ ಬಂದ ತೂಕ ಹೆಚ್ಚಿದ್ದರೆ ಅದಕ್ಕೇ ದರ ಹಾಕುತ್ತಾರೆ, ಚೆಂದದ ದೊಡ್ಡ ಪೆಟ್ಟಿಗೆ ಕೊಳ್ಳುವ ಮುಂಚೆ ಈ ಲೆಕ್ಕ ಮಾಡಿ. ನಾವು ಚಪ್ಪಟೆ ಪೆಟ್ಟಿಗೆಗೆ ಬಂದೆವು. ಪ್ರತಿ ಸೀರೆಗೆ ಪಿನ್ನಿನಿಂದ ಒಂದು ನಂಬರಿನ ಚೀಟಿ, ಅದೇ ನಂಬರ್ ಸೈಟ್‌ನಲ್ಲಿ. ಅಂಗಡಿಯಲ್ಲಿ ಮಾರಿದ ಕೂಡಲೇ ಅಣ್ಣ ವೂಕಾಮರ್ಸ್ ಆ್ಯಪ್‌ನಲ್ಲಿ ನಂಬರ್ ಹುಡುಕಿ ದಾಸ್ತಾನು ಸೊನ್ನೆ ಮಾಡುತ್ತಾನೆ. ಮೊದಮೊದಲು ಮರೆಯುತ್ತಿದ್ದ. ಈಗ ಚೀಟಿ ಕಿತ್ತು ಗಲ್ಲೆ ಮೇಲಿನ ಮೊಳೆಗೆ ಚುಚ್ಚುತ್ತಾನೆ, ರಾತ್ರಿ ನಾನು ತಾಳೆ ನೋಡುತ್ತೇನೆ.

ಖರ್ಚು ಕೇಳುವವರಿಗೆ: ಡೊಮೈನ್, ಒಂದು ವರ್ಷದ ಹೋಸ್ಟಿಂಗ್, ಪೆಟ್ಟಿಗೆಗಳ ಮೊದಲ ಕಂತು, ಬ್ಯಾಂಕು ಮತ್ತು ಆಡಿಟರ್ ಓಡಾಟ ಎಲ್ಲ ಸೇರಿ ಹತ್ತು ಸಾವಿರ ದಾಟಲಿಲ್ಲ. ಥೀಮ್ ಪುಕ್ಕಟೆಯದು. ಮುಂದಿನ ವರ್ಷ ಹೋಸ್ಟಿಂಗ್ ದುಪ್ಪಟ್ಟಾಗುತ್ತದೆ, ಅದನ್ನು ಈಗಲೇ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ತಿಂಗಳ ಮೊದಲ ದಿನ ಸೀರೆಗಳ ಪಟ್ಟಿ, ಆರ್ಡರ್‌ಗಳ ಪಟ್ಟಿ ಎರಡನ್ನೂ ಸಿಎಸ್‌ವಿ (ಎಕ್ಸೆಲ್‌ನಲ್ಲಿ ತೆರೆಯುವ ಪಟ್ಟಿ) ಫೈಲಾಗಿ ಇಳಿಸಿ ಪೆನ್‌ಡ್ರೈವ್‌ಗೆ ಹಾಕುತ್ತೇನೆ.

ಮೊದಲ ಆರ್ಡರ್‌ಗಳು ಹೆಚ್ಚಿನವು ಮಹಾರಾಷ್ಟ್ರದಿಂದಲೇ ಬಂದಿವೆ. ಮರಾಠಿಯಲ್ಲೂ ಪುಟ ಬೇಕು ಅಂತ ಅಣ್ಣ ಬೆನ್ನು ಹತ್ತಿದ್ದಾನೆ. ಬಹುಭಾಷೆಯ ಪ್ಲಗಿನ್‌ಗೆ ಮತ್ತೆ ವರ್ಷಾ ವರ್ಷ ಖರ್ಚು, ಹಾಗಾಗಿ ಸದ್ಯಕ್ಕೆ ಸೀರೆಯ ಅಳತೆ, ಒಗೆಯುವ ಕ್ರಮ, ವಾಪಸಾತಿ ಇಷ್ಟನ್ನು ಒಂದೇ ಪುಟದಲ್ಲಿ ಮರಾಠಿಯಲ್ಲಿ ಹಾಕೋಣ ಎಂದಿದ್ದೇವೆ. ಬರೆಯುವವರು ವೈನಿ, ಅವರ ತವರು ಸೋಲಾಪುರ.